ಗುಂಡುಕಲ್ಲಿಗೆ ಕೋಡ್ ಇಲ್ಲ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಚೀಟಿಯಮ್ಮ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಭದ್ರವಾಗಿತ್ತು, ಅದನ್ನು ಬಾಯಲ್ಲಿ ಅಂದವರು ಮಾತ್ರ ಯಾರೂ ಇರಲಿಲ್ಲ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ ಅವಳ ಜಾಗ. ಒಂದು ಮೇಜು, ಒಂದು ಕಂಪ್ಯೂಟರು, ದಿಂಬಿನಷ್ಟು ದಪ್ಪದ ಕೋಡ್ ಪುಸ್ತಕ, ಒಂದು ಕಟ್ಟು ಹಳದಿ ಚೀಟಿ. ರೋಗಿ ಮನೆಗೆ ಹೊರಡುವ ದಿನ ಅವನ ಕಡತ ಮೇಲಿನಿಂದ ಇಳಿದು ಈ ಮೇಜಿಗೆ ಬರುತ್ತಿತ್ತು. ಡಾಕ್ಟರು ಗೀಚಿದ್ದನ್ನು ಓದಿ, ಬಂದ ಕಾಯಿಲೆ ಯಾವುದು, ಮಾಡಿದ ಚಿಕಿತ್ಸೆ ಯಾವುದು ಎಂದು ಹೆಕ್ಕಿ, ಒಂದೊಂದಕ್ಕೂ ಪುಸ್ತಕದಲ್ಲಿರುವ ಕೋಡ್ ಹಾಕುವುದು ಅವಳ ಕೆಲಸ. ಕೋಡ್ ಬಿದ್ದರೆ ಬಿಲ್ಲು, ಬಿಲ್ಲಾದರೆ ಬಿಡುಗಡೆ ಕಾಗದ. ಕೋಡ್ ಬೀಳದಿದ್ದರೆ ರೋಗಿ ಎದ್ದು ಕುಣಿಯುತ್ತಿದ್ದರೂ ಮಂಚ ಬಿಡುವ ಹಾಗಿಲ್ಲ.

ಆ ಪುಸ್ತಕದಲ್ಲಿ ಇಲ್ಲದ್ದೇ ಇಲ್ಲ. ಏಣಿಯಿಂದ ಬಿದ್ದರೆ ಒಂದು ಕೋಡು, ಮರದಿಂದ ಬಿದ್ದರೆ ಇನ್ನೊಂದು, ಮಂಚದಿಂದ ಬಿದ್ದರೆ ಮತ್ತೊಂದು. ಸುಮ್ಮನೆ ‘ಬಿದ್ದ’ ಎಂದು ಬರೆದು ಕೈತೊಳೆದುಕೊಳ್ಳುವ ಡಾಕ್ಟರುಗಳೇ ಅವಳ ಹೊಟ್ಟೆಪಾಡು. ಅಂಥವರಿಗೆ ಹಳದಿ ಚೀಟಿ ಹೋಗುತ್ತಿತ್ತು. ಈ ಚೀಟಿಗೂ ಒಂದು ಕಟ್ಟುನಿಟ್ಟಿನ ನಿಯಮ: ಡಾಕ್ಟರ ಬಾಯಿಗೆ ಉತ್ತರ ತುರುಕಬಾರದು. ಜ್ವರ ಇದೆ, ಕೆಮ್ಮು ಇದೆ, ಎದೆಯ ಚಿತ್ರದಲ್ಲಿ ನೆರಳಿದೆ, ನ್ಯುಮೋನಿಯದ ಔಷಧಿಯೂ ಹೋಗುತ್ತಿದೆ, ಡಾಕ್ಟರು ಮಾತ್ರ ನ್ಯುಮೋನಿಯ ಎಂದು ಬರೆಯುವುದನ್ನು ಮರೆತಿದ್ದಾರೆ ಅನ್ನಿ. ‘ಇದು ನ್ಯುಮೋನಿಯ ಅಲ್ವಾ ಸಾರ್?’ ಎಂದು ಕೇಳಿದರೆ ಮಹಾಪರಾಧ. ‘ಮೇಲ್ಕಂಡವುಗಳ ಅರ್ಥವನ್ನು ದಯವಿಟ್ಟು ಸ್ಪಷ್ಟಪಡಿಸಿ’ ಎಂದು ಬರೆದು, ಕೆಳಗೆ ಅ, ಆ ಎಂದು ಹೊಂದಬಹುದಾದ ಎರಡು ಕಾಯಿಲೆ ಕೊಟ್ಟು, ಇ ಎಂದರೆ ಬೇರೆ ಏನಾದರೂ, ಈ ಎಂದರೆ ಈಗ ಹೇಳಲಾಗದು ಎಂದು ಸಾಲಾಗಿ ಇಡಬೇಕು. ಡಾಕ್ಟರು ಗುರುತು ಹಾಕಬೇಕು.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಹೆಂಗಸು ಮನೆಗೆ ಹೋದ ಕೂಡಲೇ ಬದಲಾಗುತ್ತಾಳೆಯೆ? ಹೆಣ್ಣು ನೋಡಲು ಬಂದ ಗಂಡಿಗೆ ಇವಳೇ ಒಂದು ಚೀಟಿ ಕೊಟ್ಟಿದ್ದಳು. ಅ, ಒಪ್ಪಿಗೆ. ಆ, ಒಪ್ಪಿಗೆಯಿಲ್ಲ. ಇ, ಬೇರೆ. ಈ, ಈಗ ಹೇಳಲಾಗದು. ಅವನು ಕೀಲಿಕೈ ಮಾಡುವವ, ಸಮಾಧಾನದ ಮನುಷ್ಯ. ಇ ಮೇಲೆ ಗುರುತು ಹಾಕಿ ಪಕ್ಕದಲ್ಲಿ ‘ಒಪ್ಪಿಗೆ, ಆದರೆ ಹಸಿವಾಗುತ್ತಿದೆ’ ಎಂದು ಬರೆದ. ಮದುವೆ ಆಯಿತು. ಅವತ್ತಿನಿಂದ ಅವನಿಗೆ ‘ಅಡುಗೆ ಚೆನ್ನಾಗಿದೆ ಅಲ್ವಾ?’ ಎಂದು ಕೇಳುವ ಹೆಂಡತಿಯ ಭಾಗ್ಯ ಇಲ್ಲ. ‘ಉಪ್ಪಿನ ಸ್ಥಿತಿ ತಿಳಿಸಿ’ ಎನ್ನುತ್ತಾಳೆ. ಅಲ್ವಾ ಎಂಬ ಮಾತು ಆ ಮನೆಯಲ್ಲಿ ಅವಳ ಬಾಯಿಂದ ಹೊರಟದ್ದೇ ಇಲ್ಲ. ನೆಂಟರು ನಗುತ್ತಿದ್ದರು. ನಗಲಿ. ಈ ಹಠಕ್ಕೆ ಒಂದು ಕಾರಣವಿತ್ತು, ಅದನ್ನು ಅವಳು ನೆಂಟರಿಗೆ ಹೇಳಿರಲಿಲ್ಲ ಅಷ್ಟೆ.

ಅವಳಿಗೆ ಎಂಟು ವರ್ಷವಿದ್ದಾಗ ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಮೂರು ಆಳೆತ್ತರದ ಗೂಡಿನಲ್ಲಿ ಕೂತು ಲಾರಿಯಷ್ಟು ಭಾರದ ಕಬ್ಬಿಣವನ್ನು ಮಗುವನ್ನು ಮಲಗಿಸಿದ ಹಾಗೆ ಇಳಿಸುತ್ತಿದ್ದ. ಒಂದು ಚಳಿಯ ಬೆಳಿಗ್ಗೆ ಗೂಡಿನಿಂದ ಇಳಿದವನು ನೆಲದ ಮೇಲೆ ಚೆಲ್ಲಿದ್ದ ಎಣ್ಣೆಗೆ ಕಾಲಿಟ್ಟು ಜಾರಿ ಬಿದ್ದ, ತಲೆಗೆ ಏಟಾಯಿತು. ಊಟದ ಡಬ್ಬಿ ಹಿಡಿದು ಅಮ್ಮನ ಜೊತೆ ಅವಳು ಆಸ್ಪತ್ರೆಗೆ ಓಡಿದಾಗ ಅಪ್ಪ, ಎಚ್ಚರವಾಗಲೆಂದು ಯಾರೋ ನೀರು ಸುರಿದು ಒದ್ದೆಯಾದ ಬಟ್ಟೆಯಲ್ಲಿ, ಚಳಿಗೆ ಗಡಗಡ ನಡುಗುತ್ತಿದ್ದ. ಬರೆಯಲು ಕೂತಿದ್ದ ಗುಮಾಸ್ತ, “ಫಿಟ್ಸ್ ಅಂತ ಬರೀಲಾ ಸಾರ್?” ಎಂದ. ಡಾಕ್ಟರು ಆಗಲೇ ಪಕ್ಕದ ಮಂಚದ ಕಡೆ ತಿರುಗಿದ್ದರು. “ಹೂಂ” ಎಂದರು. ಆ ಹೂಂ ಗುಮಾಸ್ತನಿಗೆ ಹೇಳಿದ್ದೋ ಪಕ್ಕದ ಮಂಚಕ್ಕೆ ಹೇಳಿದ್ದೋ ದೇವರಿಗೇ ಗೊತ್ತು. ಫಿಟ್ಸ್ ಬರುವವನನ್ನು ಕ್ರೇನ್ ಹತ್ತಿಸುವುದುಂಟೆ? ಅಪ್ಪನನ್ನು ಗೇಟು ಕಾಯುವ ಕೆಲಸಕ್ಕೆ ಹಾಕಿದರು. ನಿವೃತ್ತಿಯವರೆಗೂ ಅವನು ಆ ಗೇಟಿನಲ್ಲಿ ಕೂತು, ಮೇಲೆ ಬೇರೆಯವರು ಕಬ್ಬಿಣವನ್ನು ಧೊಪ್ಪೆಂದು ಇಳಿಸುವ ಸದ್ದು ಕೇಳಿ ಹಲ್ಲು ಕಚ್ಚುತ್ತಿದ್ದ.

ಅಷ್ಟಾದರೆ ಹೇಗೋ ಸಹಿಸಬಹುದಿತ್ತು. ಆದರೆ ಕಾಗದದಲ್ಲಿ ಬರೆದದ್ದನ್ನು ಅಪ್ಪನೇ ನಂಬಿಬಿಟ್ಟ. ನಲವತ್ತು ವರ್ಷದಿಂದ ಅವನು ಮನೆಯೊಳಗೆ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದ. ಅಮ್ಮ ಹೋದ ಮೇಲೆ ಮಗಳ ಮನೆಗೆ ಬಂದ, ಇಲ್ಲೂ ಸೊಂಟದೆತ್ತರದಲ್ಲಿ ಸುತ್ತಲೂ ಒಂದು ಕಂದು ಗೆರೆ ಮೂಡಿತು. ಅಳಿಯ ಎರಡು ವರ್ಷಕ್ಕೊಮ್ಮೆ ಸುಣ್ಣ ಹೊಡೆಯುತ್ತಿದ್ದ, ಆರು ತಿಂಗಳಲ್ಲಿ ಗೆರೆ ವಾಪಸು. ಕೈಯಿಲ್ಲದ ಕುರ್ಚಿಯಲ್ಲಿ ಅಪ್ಪ ಕೂರುತ್ತಿರಲಿಲ್ಲ. ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ, ಒಳಗೆ ಬಿದ್ದರೆ ಬಾಗಿಲು ಒಡೆಯುವವರು ಯಾರು? ಚಿಲಕದ ಬದಲು ಹಾಡುತ್ತಿದ್ದ, ಒಳಗೆ ಜನ ಇದೆ ಎಂದು ಗೊತ್ತಾಗಲಿ ಅಂತ. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು, ಅದರಲ್ಲೂ ಮೊದಲ ಎರಡು ಸಾಲು. ದಿನಾ ಸಂಜೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ನಿನಿಂದ ‘ಬರಲಿಲ್ಲ’ ಎಂದು ಬರೆಯುತ್ತಿದ್ದ. ಮಂಚದ ಕೆಳಗೆ ನಲವತ್ತು ಕ್ಯಾಲೆಂಡರು, ಒಂದೊಂದರಲ್ಲೂ ಮುನ್ನೂರ ಅರವತ್ತೈದು ಬರಲಿಲ್ಲ.

ಚೀಟಿಯಮ್ಮ ಒಮ್ಮೆ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಅವರು ಕ್ಯಾಲೆಂಡರುಗಳನ್ನೆಲ್ಲ ತಿರುವಿ ನೋಡಿ, “ಇಷ್ಟು ವರ್ಷ ಬಂದಿಲ್ಲ ಅಂದ್ರೆ ನೀವು ಹುಷಾರಾಗಿ ಇದ್ದದ್ದಕ್ಕೇ ಬಂದಿಲ್ಲ. ಹೀಗೇ ಮುಂದುವರಿಸಿ” ಎಂದು ಬೆನ್ನು ತಟ್ಟಿ ಕಳಿಸಿದರು. ಅಪ್ಪನಿಗೆ ಬಹಳ ಸಂತೋಷವಾಯಿತು. ಅವಳಿಗೆ ಅಳು ಬಂತು. ನಿನಗೆ ಏನೂ ಆಗಿಲ್ಲ ಅಪ್ಪ ಎಂದು ಬಾಯಿಬಿಟ್ಟು ಹೇಳಲು ಮಾತ್ರ ಅವಳಿಂದ ಆಗಲಿಲ್ಲ. ಒಬ್ಬರ ಬಾಯಿಗೆ ಮಾತು ತುರುಕಿದ್ದಕ್ಕೇ ತಾನೇ ಇಷ್ಟೆಲ್ಲ ಆದದ್ದು? ಬಾಯಿ ಮುಚ್ಚಿಕೊಂಡಿರುವುದೇ ತನ್ನ ಧರ್ಮ ಎಂದುಕೊಂಡು ದಿನ ದೂಡಿದಳು.

ಇಂಥವಳ ಮೇಜಿಗೆ ಒಂದು ದಿನ ಆ ಡ್ರೈವರನ ಕಡತ ಬಂತು.

ಕಡತ ತಾನಾಗಿ ಇಳಿದು ಬಂದದ್ದಲ್ಲ. ಮೂರು ದಿನ ಕಳೆದರೂ ಮುಖ್ಯ ಕಾಯಿಲೆ ನಮೂದಾಗಿಲ್ಲ ಎಂದು ಕಂಪ್ಯೂಟರು ಕೆಂಪು ದೀಪ ತೋರಿಸಿತು, ಅವಳೇ ತರಿಸಿಕೊಂಡಳು. ವಾರ್ಡು ನಾಲ್ಕು, ಮಂಚ ಹದಿನಾಲ್ಕು, ವಯಸ್ಸು ನಲವತ್ತೊಂದು, ಉದ್ಯೋಗ ಬಸ್ ಡ್ರೈವರ್. ಯಾಕೆ ಸೇರಿದ ಎಂಬ ಜಾಗ ಖಾಲಿ. ಮೊದಲ ದಿನ ನರ್ಸು ಬರೆದಿದ್ದಳು: ‘ತನಗೆ ಏನೂ ಆಗಿಲ್ಲ ಎನ್ನುತ್ತಾನೆ. ತನ್ನ ಕಾಯಿಲೆಯ ಅರಿವು ರೋಗಿಗೆ ಇಲ್ಲ.’ ಅದರ ಕೆಳಗೆ: ‘ಬಸ್ಸು ಹೊರಗೆ ನಿಂತಿದೆ ಎಂದು ಪದೇ ಪದೇ ಹೇಳುತ್ತಾನೆ. ಚಡಪಡಿಕೆ.’ ಸಂಜೆಯ ಡಾಕ್ಟರು: ‘ರೋಗಿ ಆರಾಮಾಗಿದ್ದಾನೆ. ಅದೇ ಚಿಕಿತ್ಸೆ ಮುಂದುವರಿಸಿ.’ ಎರಡನೇ ದಿನದ ಡಾಕ್ಟರು ಅದನ್ನೇ ನಕಲು ಮಾಡಿದ್ದರು, ಮೂರನೇ ದಿನದವರು ಎರಡನೆಯದನ್ನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅದೇ ಚಿಕಿತ್ಸೆ ಎಂದರೆ ಯಾವ ಚಿಕಿತ್ಸೆ ಎಂದು ಹುಡುಕಿದರೆ ಒಂದು ಮಾತ್ರೆಯೂ ಇಲ್ಲ. ಮೂರು ದಿನ ಅವನಿಗೆ ಏನೂ ಕೊಟ್ಟಿರಲಿಲ್ಲ, ಅದನ್ನೇ ಮುಂದುವರಿಸಿದ್ದರು.

ಚೀಟಿಯಮ್ಮ ರೋಗಿಗಳ ಮುಖ ನೋಡುವವಳಲ್ಲ. ಸಾವಿರಾರು ಜನರ ಪಿತ್ತಕೋಶ ಗೊತ್ತಿತ್ತು, ಒಬ್ಬರ ಮೂಗೂ ಗೊತ್ತಿರಲಿಲ್ಲ. ಅವತ್ತು ಮಾತ್ರ ತಡೆಯಲಾರದೆ ಮೆಟ್ಟಿಲು ಹತ್ತಿದಳು. ಮಂಚ ಹದಿನಾಲ್ಕರಲ್ಲಿ ಆಸ್ಪತ್ರೆಯ ಹಸಿರು ಅಂಗಿ ತೊಟ್ಟ ದಢೂತಿ ಆಳು, ಕೊರಳಲ್ಲಿ ದಾರಕ್ಕೆ ಕಟ್ಟಿದ ಬಸ್ಸಿನ ಕೀಲಿ. ಪಕ್ಕದ ಮಂಚದ ಮುದುಕನ ತಲೆಗೆ ದಿಂಬು ಸರಿಮಾಡುತ್ತಿದ್ದ.

“ನೀವು ಈ ಆಸ್ಪತ್ರೆಗೆ ಬಂದ ಸಂದರ್ಭವನ್ನ ನಿಮ್ಮ ಮಾತಲ್ಲೇ ಹೇಳಿ” ಎಂದಳು, ನಿಯಮದ ಪ್ರಕಾರ.

“ಅಯ್ಯೋ ಅಕ್ಕಾ, ಇದನ್ನ ಕೇಳಿದವರು ನೀವೇ ಮೊದಲು!” ಎಂದು ಅವನು ಮಂಚದಿಂದ ಇಳಿದೇಬಿಟ್ಟ. ಅವನ ಬಸ್ಸಿನಲ್ಲಿ ಒಬ್ಬ ಅಜ್ಜಿ ಪ್ರಜ್ಞೆ ತಪ್ಪಿ ಬಿದ್ದಳಂತೆ. ಬಸ್ಸನ್ನು ಸೀದಾ ಆಸ್ಪತ್ರೆಯ ಅಂಗಳಕ್ಕೇ ನುಗ್ಗಿಸಿ, ಎತ್ತಿಕೊಂಡು ಬಂದು ಒಪ್ಪಿಸಿದನಂತೆ. ಅಜ್ಜಿಗೆ ಏನಾಯಿತೋ ತಿಳಿದು ಹೋಗೋಣ ಎಂದರೆ ಕೂರಲು ಕುರ್ಚಿ ಇಲ್ಲ. ಖಾಲಿ ಮಂಚ ಕಂಡಿತು. ಕೂತ, ಶೂ ಬಿಚ್ಚಿದ, ಬೆಳಗಿನ ಪಾಳಿಯ ಆಯಾಸಕ್ಕೆ ಕಣ್ಣು ಹತ್ತಿತು. ನರ್ಸುಗಳ ಪಾಳಿ ಬದಲಾಯಿತು. ಎದ್ದು ನೋಡಿದರೆ ಮಣಿಕಟ್ಟಿಗೆ ಪಟ್ಟಿ, ಅಂಗಿ ಹಸಿರು, ಅವನ ಸಮವಸ್ತ್ರ ಬೀರುವಿನಲ್ಲಿ.

“ಅಜ್ಜಿ?”

“ಮಾರನೇ ದಿನಾನೇ ಹುಷಾರಾಗಿ ಮನೆಗೆ ಹೋದರು ಅಕ್ಕಾ. ಹೋಗ್ತಾ ನನಗೆ ಬಿಸ್ಕೆಟ್ಟು ಕೊಟ್ಟು, ‘ಬೇಗ ಗುಣ ಆಗಪ್ಪಾ’ ಅಂದರು.”

ಓಡಿಹೋಗಬಾರದಿತ್ತೇ ಎಂದು ನಿಮಗನ್ನಿಸಬಹುದು. ಅದು ಅವನಿಗೂ ಅನ್ನಿಸಿತ್ತು. ಆದರೆ ಡಿಪೋದ ನಿಯಮ ಹೀಗಿತ್ತು: ಆಸ್ಪತ್ರೆ ಸೇರಿದ ಡ್ರೈವರು ಕಾಯಿಲೆ ಏನೆಂದು ಬರೆದ ಬಿಡುಗಡೆ ಕಾಗದ ತರದೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಹೇಳದೆ ಹೋದವನು ಅನರ್ಹ. ಕಾಗದದಲ್ಲಿ ತಲೆಸುತ್ತು, ಮೂರ್ಛೆ, ಫಿಟ್ಸ್ ಇಂಥ ಯಾವುದೇ ಮಾತಿದ್ದರೂ ಲೈಸೆನ್ಸು ರದ್ದು. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದ, ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ನಡೆದದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಡಾಕ್ಟರು ಬರೆಯದ್ದು ನಡೆದೇ ಇಲ್ಲ ಎನ್ನುವುದು ಅವಳ ಕೆಲಸದ ಮೊದಲ ಪಾಠ. ರೋಗಿಯ ಮಾತಿಗೆ ಕೋಡ್ ಹಾಕುವಂತಿಲ್ಲ, ತಾನೇ ಹೋಗಿ ಡಾಕ್ಟರಿಗೆ ‘ಇವನು ಸುಮ್ಮನೆ ಮಲಗಿದವನು ಸಾರ್’ ಎನ್ನುವಂತಿಲ್ಲ. ಕೆಳಗಿಳಿದು ಚೀಟಿ ಬರೆದಳು. ‘ದೂರು ಇಲ್ಲ. ಪರೀಕ್ಷೆಗಳೆಲ್ಲ ಸಹಜ. ಔಷಧಿ ಇಲ್ಲ. ದಾಖಲಾದ ಕಾರಣವನ್ನು ದಯವಿಟ್ಟು ಸ್ಪಷ್ಟಪಡಿಸಿ.’ ಆಯ್ಕೆಗೆ ಕಾಯಿಲೆಯೇ ಇರಲಿಲ್ಲವಾದ್ದರಿಂದ ಇ ಮತ್ತು ಈ ಎರಡೇ ಉಳಿದವು. ಸಣ್ಣ ಡಾಕ್ಟರು, ಅಂದರೆ ಆ ವಾರ್ಡಿಗೆ ಹೊಸದಾಗಿ ಬಂದ ಯುವಕ, ‘ಈ’ ಮೇಲೆ ಗುರುತು ಹಾಕಿದ: ಈಗ ಹೇಳಲಾಗದು. ಅದನ್ನು ಕಂಪ್ಯೂಟರಿಗೆ ಊಡಿಸಿದರೆ ಅದು ಗಾಬರಿಬಿದ್ದು, ಪತ್ತೆಯಾಗದ ಕಾಯಿಲೆ, ಇನ್ನಷ್ಟು ಪರೀಕ್ಷೆ ಬೇಕು ಎಂದು ಅಪ್ಪಣೆ ಮಾಡಿತು.

ಶುರುವಾಯಿತು ನೋಡಿ ಮೆರವಣಿಗೆ. ಎದೆಯವರು ಬಂದರು, ಕಣ್ಣಿನವರು ಬಂದರು, ಚರ್ಮದವರು ಭೂತಗನ್ನಡಿ ಹಿಡಿದು ಅರ್ಧ ದಿನ ನೋಡಿದರು. ಎಲ್ಲ ಸಹಜ ಎಂದಷ್ಟೂ ಕಾಯಿಲೆ ಇನ್ನೂ ಆಳದಲ್ಲಿ ಅಡಗಿದೆ ಎಂದು ಕಂಪ್ಯೂಟರಿಗೆ ಸಂಶಯ. ಆರನೇ ದಿನ ಹಲ್ಲಿನ ಡಾಕ್ಟರಿಗೆ ದವಡೆಯಲ್ಲಿ ಒಂದು ಹುಳುಕು ಸಿಕ್ಕಿತು. ವಾರ್ಡಿನಲ್ಲಿ ಮಗು ಹುಟ್ಟಿದಷ್ಟು ಸಂಭ್ರಮ. ನರ್ಸುಗಳು ಬಂದು ಡ್ರೈವರನ ಕೈ ಕುಲುಕಿದರು. ಮೊದಲಿಗೆ ಚೀಟಿಯಮ್ಮನಿಗೂ ಜೀವ ಬಂದ ಹಾಗಾಯಿತು, ಕೋಡ್ ಹಾಕಿದಳು. ‘ಒಂದು ಹಲ್ಲಿಗೆ ಆರು ದಿನದ ವಾಸ ಒಪ್ಪಲಾಗದು. ಮುಖ್ಯ ಕಾಯಿಲೆ ನಮೂದಿಸಿ’ ಎಂದು ಕಂಪ್ಯೂಟರು ಮುಖದ ಮೇಲೆ ಹೊಡೆದ ಹಾಗೆ ಹಿಂತಿರುಗಿಸಿತು. ಬೇಸರವಾದರೂ ಅದು ಹೇಳಿದ್ದರಲ್ಲಿ ನ್ಯಾಯ ಇತ್ತು ಎಂದು ಅವಳು ಒಪ್ಪಿಕೊಳ್ಳಲೇಬೇಕಾಯಿತು. ಅವನು ಹಲ್ಲಿಗಾಗಿ ಬಂದವನಲ್ಲವಲ್ಲ.

ಇತ್ತ ಬಸ್ಸು ನಿಂತಲ್ಲೇ ನಿಂತಿತ್ತು, ಅಂಗಳದ ಮೂಲೆಯಲ್ಲಿ, ದೊಡ್ಡ ಡಾಕ್ಟರ ಕಾರಿನ ಷೆಡ್ಡಿಗೆ ಮೂಗು ಒತ್ತಿಕೊಂಡು. ಬೇರೆ ಡ್ರೈವರನ್ನು ಕಳಿಸಿ ಎಂದರೆ, ಹಳೇ ಡ್ರೈವರು ಸಹಿ ಮಾಡಿ ಒಪ್ಪಿಸಬೇಕು ಎಂದಿತು ಡಿಪೋ. ಅವನು ಸಹಿ ಮಾಡಿ ಕಳಿಸಿದರೆ, ರೋಗಿಯ ಸಹಿ ನಡೆಯುವುದಿಲ್ಲ ಎಂದಿತು. ಐದನೇ ದಿನಕ್ಕೆ ರೋಗಿಗಳ ಕಡೆಯವರು ಅದನ್ನೇ ಕಾಯುವ ಕೋಣೆ ಮಾಡಿಕೊಂಡಿದ್ದರು. ಕಿಟಕಿ ಪಕ್ಕದ ಸೀಟಿಗೆ ಜಗಳ ಆಗುತ್ತಿತ್ತು. ಇಬ್ಬರು ಪ್ರತಿದಿನ ಅದೇ ಸೀಟಿಗೆ ಬಂದು ಕೂತು, ಇಳಿಯುವಾಗ ಅಭ್ಯಾಸಬಲದಿಂದ ಗಂಟೆ ಬಾರಿಸಿ ಇಳಿಯುತ್ತಿದ್ದರು.

ಏಳನೇ ದಿನ ಸಣ್ಣ ಡಾಕ್ಟರು ನೆಲಮಾಳಿಗೆಗೇ ಬಂದ. ಪಾಪ, ಒಳ್ಳೆಯವನೇ.

“ಚೀಟಿಯಮ್ಮಾ, ಇದನ್ನ ಮುಗಿಸೋಣ. ತಲೆಸುತ್ತು ಅಂತ ಬರೆದುಬಿಡ್ತೀನಿ. ತಲೆಸುತ್ತು ಯಾರಿಗೆ ಬರಲ್ಲ ಹೇಳಿ? ಏಳು ದಿನಾನೂ ಸರಿಹೋಗುತ್ತೆ, ಕಂಪ್ಯೂಟರೂ ಬಾಯಿ ಮುಚ್ಚುತ್ತೆ. ಆ ಡ್ರೈವರೂ ಒಪ್ಪಿದ್ದಾನೆ.”

ಅವಳು ಎರಡೆರಡು ಮೆಟ್ಟಿಲು ಹಾರಿ ವಾರ್ಡಿಗೆ ಓಡಿದಳು. ನಿಜ, ಒಪ್ಪಿದ್ದ. ಹಸಿರು ಅಂಗಿಯಲ್ಲಿ ಮುದುಡಿ ಕೂತಿದ್ದ.

“ಏನಾದ್ರೂ ಬರೀಲಿ ಅಕ್ಕಾ, ಮನೆಗೆ ಹೋದರೆ ಸಾಕಾಗಿದೆ” ಎಂದ. ಆಮೇಲೆ ಕೊರಳಿನ ಕೀಲಿ ತಿರುವುತ್ತ, “ಅಲ್ಲಾ ಅಕ್ಕಾ, ಇಷ್ಟು ಜನ ಓದಿದವರು ಹುಡುಕ್ತಾ ಇದ್ದಾರೆ. ಏನೂ ಇಲ್ಲದೆ ಹುಡುಕ್ತಾರಾ? ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಒಂಥರಾ ಆಯ್ತು. ಗೋಡೆ ಹಿಡ್ಕೊಂಡೆ.”

ಗೋಡೆ ಎಂಬ ಮಾತು ಕೇಳಿದ್ದೇ ಚೀಟಿಯಮ್ಮ ಬಚ್ಚಲಿನ ಕಡೆಯ ಗೋಡೆಯತ್ತ ತಿರುಗಿದಳು. ನಲವತ್ತು ವರ್ಷದ ಕಂದು ಗೆರೆ ಈ ವಾರ್ಡಿನ ಗೋಡೆಯ ಮೇಲೆ ಆಗಲೇ ಶುರುವಾಗಿತ್ತು. “ಬರೀಬೇಡಿ” ಎಂದು ಹಿಂದೆಯೇ ಬಂದಿದ್ದ ಸಣ್ಣ ಡಾಕ್ಟರಿಗೆ ಎಷ್ಟು ಜೋರಾಗಿ ಅಂದಳೆಂದರೆ ಮೂರು ಮಂಚದ ರೋಗಿಗಳು ಎದ್ದು ಕೂತರು. “ಆಗಿಲ್ಲದ್ದನ್ನ ಬರೆಯೋ ಹಾಗಿಲ್ಲ. ನಾಳೆ ಅದೇ ಆಗುತ್ತೆ.”

ಅಂದು ಸಂಜೆಯವರೆಗೂ ಕೂತು ಕೋಡ್ ಪುಸ್ತಕವನ್ನು ಮೊದಲ ಹಾಳೆಯಿಂದ ತಿರುವಿದಳು. ಕೊನೆಯ ಹಾಳೆಗಳ ಹತ್ತಿರ, ಯಾರೂ ಇಣುಕದ ಮೂಲೆಯಲ್ಲಿ ಒಂದು ಸಾಲು ಸಿಕ್ಕಿತು: ‘ರೋಗಿಯ ಜೊತೆಯಲ್ಲಿ ಬಂದ ಆರೋಗ್ಯವಂತ ವ್ಯಕ್ತಿ.’ ಅದಕ್ಕೊಂದು ಕೋಡು. ಎರಡು ಸಲ ಓದಿ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದಳು. ಪುಸ್ತಕ ಬರೆದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಆದರೆ ಆ ಕೋಡ್ ಹಾಕಬೇಕಾದರೆ ಡಾಕ್ಟರು ಕಡತದಲ್ಲಿ ಆ ಮನುಷ್ಯ ಆರೋಗ್ಯವಾಗಿದ್ದಾನೆ ಎಂದು ಬರೆದಿರಬೇಕು. ಇಪ್ಪತ್ತೆರಡು ವರ್ಷದಲ್ಲಿ ಯಾವ ಕಡತದಲ್ಲೂ ಆ ಮಾತನ್ನು ತಾನು ಕಂಡಿಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಸ್ಥಿರವಾಗಿದ್ದಾನೆ ಎಂದು ಬರೆಯುತ್ತಾರೆ, ಆರಾಮಾಗಿದ್ದಾನೆ ಎಂದು ಬರೆಯುತ್ತಾರೆ, ಸದ್ಯಕ್ಕೆ ಏನೂ ಕಂಡುಬಂದಿಲ್ಲ ಎಂದು ಬರೆಯುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಡಾಕ್ಟರುಗಳಿಗೆ ಸಮ ಯಾರೂ ಇಲ್ಲ.

ಮಾರನೇ ದಿನ ಎಲ್ಲರಿಗೂ ಚೀಟಿ ಹೋಯಿತು. ‘ರೋಗಿಯ ಒಟ್ಟು ಸ್ಥಿತಿಯನ್ನು ನಿಮ್ಮ ಮಾತಿನಲ್ಲೇ ತಿಳಿಸಿ.’ ಎದೆಯವರು ಬರೆದರು: ‘ಎದೆಯ ಮಟ್ಟಿಗೆ ತೊಂದರೆ ಇಲ್ಲ.’ ಕಣ್ಣಿನವರು ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಒಂದು ಎಂದು ಎರಡು ಚೀಟಿ ಬರೆದರು. ಮೂಳೆಯವರು ಮಂಡಿಯವರೆಗೆ ಒಪ್ಪಿದರು, ಪಾದ ತಮ್ಮದಲ್ಲ ಎಂದರು. ಸಣ್ಣ ಡಾಕ್ಟರು, “ನಾನು ಓದಿರೋದು ಕಾಯಿಲೆ ಹೇಳೋಕೆ ಚೀಟಿಯಮ್ಮಾ. ಆರೋಗ್ಯ ಹೇಳೋಕೆ ನಾನ್ಯಾರು? ನಾಳೆ ದಾರಿಯಲ್ಲಿ ಏನಾದ್ರೂ ಆದರೆ?” ಎಂದು ಜಾರಿಕೊಂಡ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸಂಜೆಯ ಹೊತ್ತಿಗೆ ಅವಳ ಮೇಜಿನ ಮೇಲೆ ಹನ್ನೊಂದು ಚೀಟಿ ಇದ್ದವು. ಜೋಡಿಸಿದರೆ ಡ್ರೈವರು ತುಂಡುತುಂಡಾಗಿ ಸರಿಯಾಗಿದ್ದ. ಇಡೀ ಮನುಷ್ಯನ ಬಗ್ಗೆ ಬರೆಯುವ ಧೈರ್ಯ ಆ ಕಟ್ಟಡದಲ್ಲಿ ಒಬ್ಬರಿಗೂ ಇರಲಿಲ್ಲ.

ಒಂಬತ್ತನೇ ದಿನ ದೊಡ್ಡ ಡಾಕ್ಟರು ರಜೆ ಮುಗಿಸಿ ಬಂದರು. ಇಡೀ ಆಸ್ಪತ್ರೆಗೆ ಯಜಮಾನರು, ಸಿಟ್ಟು ಮೂಗಿನ ತುದಿಯಲ್ಲೇ. ಬೆಳಿಗ್ಗೆ ಯಾರದೋ ಕಾರಿನಲ್ಲಿ ಬಂದಿಳಿದು, ಮಧ್ಯಾಹ್ನ ತಮ್ಮ ಕಾರು ತೆಗೆಯಲು ಷೆಡ್ಡಿಗೆ ಹೋದರೆ ಎದುರಿಗೆ ಬಸ್ಸು. ಬಸ್ಸಿನೊಳಗೆ ಇಪ್ಪತ್ತು ಜನ, ಒಬ್ಬರು ಅವರಿಗೇ, “ಸೀಟಿಲ್ಲ, ಹಿಂದೆ ನಿಂತ್ಕೊಳ್ಳಿ” ಎಂದರಂತೆ. ಅವರ ಕೂಗು ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರದ ಸದ್ದನ್ನೂ ದಾಟಿ ಬಂತು. ಚೀಟಿಯಮ್ಮ ಕಡತ, ಪೆನ್ನು, ಹಳದಿ ಚೀಟಿ ಹಿಡಿದು ಮೇಲೆ ಓಡಿದಳು.

ಅಷ್ಟರಲ್ಲಿ ಯಾರೋ ಡ್ರೈವರನನ್ನು ವಾರ್ಡಿನಿಂದ ಅಂಗಳಕ್ಕೆ ತಂದಿದ್ದರು, ಹಸಿರು ಅಂಗಿ, ಬರಿಗಾಲು, ಕೊರಳಲ್ಲಿ ಕೀಲಿ. ಗೋಡೆಗೆ ಒತ್ತಿ ನಿಂತಿದ್ದ.

“ಇದನ್ನ ತೆಗಿಯಯ್ಯಾ!” ಎಂದರು ದೊಡ್ಡ ಡಾಕ್ಟರು.

“ರೋಗಿ ಬಸ್ ಓಡಿಸೋ ಹಾಗಿಲ್ಲ ಸಾರ್.”

“ಏನಾಗಿದೆ ನಿನಗೆ?”

“ಅದನ್ನೇ ಹುಡುಕ್ತಾ ಇದ್ದಾರೆ ಸಾರ್.”

“ಯಾಕೆ ಬಂದೆ ಇಲ್ಲಿಗೆ?”

ಒಂಬತ್ತು ದಿನದಲ್ಲಿ ಒಬ್ಬ ಡಾಕ್ಟರು ಅವನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಡ್ರೈವರು ಅಜ್ಜಿ ಬಿದ್ದದ್ದು, ಎತ್ತಿಕೊಂಡು ಬಂದದ್ದು, ಕಣ್ಣು ಹತ್ತಿದ್ದು ಎಲ್ಲ ಹೇಳಿದ. ದೊಡ್ಡ ಡಾಕ್ಟರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ರೆಪ್ಪೆ ಎಳೆದರು, ನಾಡಿ ಹಿಡಿದರು, ಒಂದು ಕಾಲಿನ ಮೇಲೆ ನಿಲ್ಲಿಸಿದರು, ಆ ಕಾಲು ಬಿಟ್ಟು ಈ ಕಾಲಿನ ಮೇಲೆ ನಿಲ್ಲಿಸಿದರು. ಕಡತ ಕಸಿದುಕೊಂಡು ಹನ್ನೊಂದು ಚೀಟಿಗಳನ್ನೂ ಓದಿದರು. ಆಮೇಲೆ ಆಕಾಶದ ಕಡೆ ನೋಡಿ ಗುಡುಗಿದರು. “ಗುಂಡುಕಲ್ಲಿನ ಹಾಗಿದ್ದಾನಲ್ರೀ ಇವನು!”

ಹಳದಿ ಚೀಟಿ ಅವರ ಮೂಗಿನ ಕೆಳಗೆ ಬಂತು.

“ಗುಂಡುಕಲ್ಲಿಗೆ ಕೋಡ್ ಇಲ್ಲ ಸಾರ್” ಎಂದಳು ಚೀಟಿಯಮ್ಮ. “ತಾವು ಹೇಳಿದ್ದನ್ನ ವೈದ್ಯರ ಮಾತಲ್ಲಿ ಸ್ಪಷ್ಟಪಡಿಸಿ.”

“ಏನಮ್ಮಾ ಹಾಗಂದ್ರೆ? ಏನು ಬರೀಬೇಕು?”

“ಅದನ್ನ ನಾನು ಹೇಳೋ ಹಾಗಿಲ್ಲ ಸಾರ್.”

ನಾಲಿಗೆಯ ತುದಿಯಲ್ಲಿದ್ದ ಆ ಒಂದು ಮಾತನ್ನು ಹಲ್ಲು ಕಚ್ಚಿ ತಡೆದುಕೊಂಡಳು. ದೊಡ್ಡ ಡಾಕ್ಟರು ಅವಳನ್ನು ದುರುಗುಟ್ಟಿ ನೋಡಿದರು, ಬಸ್ಸನ್ನು ನೋಡಿದರು, ಗಡಿಯಾರ ನೋಡಿದರು. ಚೀಟಿಯನ್ನು ಬಸ್ಸಿನ ಬಾನೆಟ್ಟಿನ ಮೇಲಿಟ್ಟು ಹಾಳೆ ಹರಿಯುವ ಹಾಗೆ ಒತ್ತಿ ಬರೆದರು: ‘ಇವನಿಗೆ ಯಾವ ಕಾಯಿಲೆಯೂ ಇಲ್ಲ, ಇರಲೂ ಇಲ್ಲ. ಪೂರ್ತಿ ಆರೋಗ್ಯವಂತ. ಇನ್ನೊಬ್ಬರನ್ನು ಕರೆತಂದವನು.’ ಸಹಿ ಹಾಕಿದರು. ಕಾಲು ಗಂಟೆಯಲ್ಲಿ ಕೋಡ್ ಬಿತ್ತು. ಕಂಪ್ಯೂಟರು ಒಂದೇ ಒಂದು ಮಾತು ಆಡಲಿಲ್ಲ.

ಡ್ರೈವರು ಸಮವಸ್ತ್ರ ತೊಟ್ಟು ಬಂದು ಬಿಡುಗಡೆ ಕಾಗದವನ್ನು 'ಪೂರ್ತಿ ಆರೋಗ್ಯವಂತ' ಎಂಬಲ್ಲಿಗೆ ಬೆರಳಿಟ್ಟು ಓದಿದ. ಓದಿ ಬೆನ್ನು ನೆಟ್ಟಗೆ ಮಾಡಿದ. ಅಂಗಳದ ನಟ್ಟನಡುವೆ ಯಾವುದನ್ನೂ ಹಿಡಿಯದೆ ನಡೆದು ಹೋಗಿ ಸೀಟು ಹತ್ತಿದ. ಒಳಗಿದ್ದ ಇಪ್ಪತ್ತು ಜನ ಇಳಿಯಲಿಲ್ಲ. ಒಂಬತ್ತು ದಿನ ಕಾದಿದ್ದೇವೆ, ಎಲ್ಲಾದರೂ ಬಿಡು ಎಂದರು. ಬಸ್ಸು ಹೊರಟಿತು.

ಚೀಟಿಯಮ್ಮ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಗಂಡ ಕಿಟಕಿ ಬಳಿ ಕೂತು ಕೀಲಿಕೈಗೆ ಅರ ಹಾಕುತ್ತಿದ್ದ. ಅಪ್ಪ ಒಂದು ಕೈ ಗೋಡೆಯ ಮೇಲಿಟ್ಟು, ಇನ್ನೊಂದರಲ್ಲಿ ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದ. ಅವಳು ಚೀಲವನ್ನೂ ಇಳಿಸಲಿಲ್ಲ.

“ಅಪ್ಪಾ, ನಿನಗೆ ಫಿಟ್ಸ್ ಇಲ್ಲ. ಯಾವತ್ತೂ ಇರಲಿಲ್ಲ. ಅವತ್ತು ಎಣ್ಣೆ ಮೇಲೆ ಕಾಲಿಟ್ಟು ಜಾರಿದ್ದು ಅಷ್ಟೇ. ಅಲ್ವಾ?”

ಕಿಟಕಿ ಬಳಿ ಅರದ ಸದ್ದು ನಿಂತಿತು.

ಅಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

“ಎಣ್ಣೆ ಇತ್ತು” ಎಂದ ಕೊನೆಗೆ. “ಕಂದು ಎಣ್ಣೆ. ನಾನು ಅವತ್ತೇ ಹೇಳಿದೆ ಮಗಾ, ಎರಡು ಸಲ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ.” ಅವಳ ಮುಖವನ್ನೇ ನೋಡುತ್ತ ಕೇಳಿದ. “ನೀನು ಬರೆದುಕೊಡ್ತೀಯಾ?”

ಡಾಕ್ಟರು ಬರೆಯದ ಒಂದಕ್ಷರವನ್ನೂ ಇಪ್ಪತ್ತೆರಡು ವರ್ಷದಲ್ಲಿ ಬರೆಯದವಳು ಚೀಲದಿಂದ ಒಂದು ಹಳದಿ ಚೀಟಿ ತೆಗೆದಳು. ಆಯ್ಕೆ ಕೊಡಲಿಲ್ಲ. ‘ಎಣ್ಣೆಗೆ ಕಾಲಿಟ್ಟು ಜಾರಿ ಬಿದ್ದದ್ದು. ಫಿಟ್ಸ್ ಅಲ್ಲ. ಪೂರ್ತಿ ಆರೋಗ್ಯವಂತ’ ಎಂದು ದುಂಡಗೆ ಬರೆದಳು. ಕೆಳಗೆ ವೈದ್ಯರ ಸಹಿ ಎಂದಿದ್ದ ಜಾಗದಲ್ಲಿ ‘ಮಗಳು’ ಎಂದು ಬರೆದು ದಿನಾಂಕ ಹಾಕಿದಳು.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಗೋಡೆಯಿಂದ ಕೈ ತೆಗೆದ. ಕೋಣೆಯ ನಡುವೆ ಎರಡು ಹೆಜ್ಜೆ ನಡೆದು ಮೇಜಿಗೆ ಮಂಡಿ ಹೊಡೆದುಕೊಂಡ. “ಇದು ಇಲ್ಲಿತ್ತಾ!” ಎಂದ. ಮೇಜು ಹದಿನಾರು ವರ್ಷದಿಂದ ಅಲ್ಲೇ ಇತ್ತು. ಅದನ್ನು ಬಳಸಿಕೊಂಡು, ಕೈ ಬೀಸುತ್ತ, ಬಚ್ಚಲಿಗೆ ಹೋದ.

ಗಂಡ ಹೆಂಡತಿ ಇಬ್ಬರೂ ಹಾಡಿಗಾಗಿ ಕಾದರು. ಹಾಡು ಬರಲಿಲ್ಲ. ಅದರ ಬದಲು ತುಕ್ಕು ಹಿಡಿದ ಕಬ್ಬಿಣ ಕಿರುಗುಟ್ಟುವ ಸದ್ದು, ನಿಂತು ನಿಂತು, ಜಗ್ಗಿ ಜಗ್ಗಿ ಕೇಳಿತು. ಕೊನೆಗೆ ಟಪ್ಪೆಂದು ಒಳಗಿನಿಂದ ಚಿಲಕ ಬಿತ್ತು.